180 ವೋಲ್ಟಿಗೆ ಕಾಯಿಲ್ ಎಷ್ಟು ಆಂಪ್ ಎಳೆಯುತ್ತದೆ? ನನ್ನ ಲೆಕ್ಕ ಮೀಟರಿಗೆ ಹೊಂದುತ್ತಿಲ್ಲ

ಬೇಲೂರು_ಕೊನೆಮನೆ:
ನಮ್ಮದು ಬೇಲೂರು ಹತ್ತಿರ ಹಳ್ಳಿ, ಲೈನಿನ ಕೊನೇ ಮನೆ. ಸಂಜೆ ಸುತ್ತಮುತ್ತಲ ಮೋಟರ್‌ಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ಅಮ್ಮನಿಗೆ ಹಂಡೆ ಒಲೆಯ ಹೊಗೆ ಆಗೋದಿಲ್ಲ ಅಂತ ಬಚ್ಚಲುಮನೆಯಲ್ಲಿ ನೀರು ಕಾಯಿಸುವ ಕರೆಂಟ್ ಕಾಯಿಲ್ ಇಟ್ಟಿದ್ದೇವೆ. ಅದರ ಮೇಲೆ 1500 ವ್ಯಾಟ್, 230 ವೋಲ್ಟ್ ಅಂತ ಬರೆದಿದೆ. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವ್ಯಾಟ್, ಅಷ್ಟು ಗೊತ್ತು. ಅದಕ್ಕೇ 1500ನ್ನು 180ರಿಂದ ಭಾಗಿಸಿದೆ, 8.3 ಆಂಪ್ ಬಂತು. ಮಾವನೂ ಅದೇ ಹೇಳುತ್ತಾರೆ, ವೋಲ್ಟೇಜ್ ಬಿದ್ದರೆ ಕರೆಂಟ್ ಜಾಸ್ತಿ ಎಳೆಯುತ್ತದೆ, ಬಿಲ್ಲೂ ಏರುತ್ತದೆ ಅಂತ. ಆದರೆ ವೈರನ್ನು ಸುತ್ತಿ ಹಿಡಿದು ಆಂಪ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದರೆ ಬರೀ 5.1 ತೋರಿಸುತ್ತಿದೆ! ಮೊದಲು ಪೂರ್ತಿ ಕೇಬಲ್ ಸುತ್ತ ಹಾಕಿ ಸೊನ್ನೆ ಬಂದಿತ್ತು, ಆಮೇಲೆ ಎಕ್ಸ್‌ಟೆನ್ಷನ್ ಕೇಬಲಿನ ಮೇಲಿನ ಸಿಪ್ಪೆ ಬಿಡಿಸಿ ಒಂದೇ ವೈರ್ ಹಿಡಿದೆ. ಬೆಳಿಗ್ಗೆ 230 ಇದ್ದಾಗ 6.5 ಇತ್ತು. ಕೆಟ್ಟಿರೋದು ಮೀಟರಾ, ನನ್ನ ತಲೆಯಾ?

ಹಾಸನ_ವೈರ್‌ಮ್ಯಾನ್:
ಮೀಟರ್ ಸರಿ ಇದೆ ತಮ್ಮಾ. 1500 ಅನ್ನೋದು ಕಾಯಿಲಿನ ಹಣೆಬರಹ ಅಲ್ಲ. 230 ವೋಲ್ಟ್ ಕೊಟ್ಟರೆ ಮಾತ್ರ ಅಷ್ಟು. ಬದಲಾಗದೆ ಉಳಿಯೋದು ಅದರ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ. ನಿನ್ನ ಅಂಕಿಗಳನ್ನೇ ಹಾಕಿ ನೋಡು, ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ಓಮ್. ಬೆಳಿಗ್ಗೆ 230 ಭಾಗಿಸು 6.5, ಅಂದರೆ 35.4. ಸಂಜೆ 180 ಭಾಗಿಸು 5.1, ಅಂದರೆ 35.3. ಒಂದೇ ಅಲ್ವಾ? ಈಗ ಸಂಜೆಯ ವ್ಯಾಟ್ ತೆಗೆ: 180 × 5.1 = 918. ವೋಲ್ಟೇಜ್ ಬಿದ್ದಿದ್ದು ಸುಮಾರು ಐದರಲ್ಲಿ ಒಂದು ಪಾಲು, ಆದರೆ ಬಿಸಿ ಐದರಲ್ಲಿ ಎರಡು ಪಾಲು ಹೋಯಿತು. ಯಾಕಂದರೆ ವೋಲ್ಟ್ ಇಳಿದಾಗ ಆಂಪೂ ಜೊತೆಗೇ ಇಳಿಯುತ್ತದೆ, ಎರಡು ಕಡೆಯಿಂದ ಏಟು.

ಒಂದು ಬೈಗುಳ ಬಾಕಿ ಇದೆ. 1500 ವ್ಯಾಟಿನ ಕಾಯಿಲನ್ನು 6 ಆಂಪಿನ ಎಕ್ಸ್‌ಟೆನ್ಷನ್‌ಗೆ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದೂ ಬಚ್ಚಲಲ್ಲಿ.

ಬೇಲೂರು_ಕೊನೆಮನೆ:
ಬೈಗುಳ ಒಪ್ಪಿದೆ ಅಣ್ಣಾ. ಹಾಗಾದರೆ ಬಿಲ್ ಕಡಿಮೆ ಬರಬೇಕಲ್ಲ? ಇನ್ನೊಂದು ತಮಾಷೆ. ಕಾಯಿಲನ್ನು ಬಿಚ್ಚಿಟ್ಟು ಮಲ್ಟಿಮೀಟರಲ್ಲಿ ಓಮ್ ನೋಡಿದೆ, 35 ಚಿಲ್ಲರೆ, ಸರಿ. ಹುರುಪಿಗೆ ಅಟ್ಟದ ಮೇಲಿದ್ದ ಹಳೇ 100 ವ್ಯಾಟಿನ ಬಲ್ಬನ್ನೂ ನೋಡಿದೆ, ಅದು 38 ಓಮ್! ಆ ಲೆಕ್ಕದಲ್ಲಿ ಬಲ್ಬೂ ಹತ್ತಿರ ಹತ್ತಿರ 1400 ವ್ಯಾಟ್ ಆಗಬೇಕು.

ನಿವೃತ್ತ_ಮೇಷ್ಟ್ರು:
ಬಲ್ಬಿನೊಳಗಿನ ತಂತಿ ಟಂಗ್‌ಸ್ಟನ್. ಉರಿಯುವಾಗ 2000 ಡಿಗ್ರಿ ದಾಟುತ್ತದೆ, ಆಗ ಓಮ್ ಹತ್ತು-ಹದಿನೈದು ಪಟ್ಟು ಏರುತ್ತದೆ. 100 ವ್ಯಾಟಿನ ಬಲ್ಬ್ 230ಕ್ಕೆ ಉರಿಯುವಾಗ 529 ಓಮ್. ನೀವು ಅಳೆದಿದ್ದು ತಣ್ಣಗಿನ ಬಲ್ಬನ್ನು. ಕಾಯಿಲಿನ ತಂತಿ ನಿಕ್ರೋಮ್, ಬಿಸಿಯಾದರೂ ಅದರ ಓಮ್ ಹೆಚ್ಚು ಕದಲುವುದಿಲ್ಲ. ಅದಕ್ಕೇ ಅದರ ಲೆಕ್ಕ ಸರಿಹೋಯಿತು.

ಇನ್ನು ಬಿಲ್ಲು. 20 ಲೀಟರ್ ನೀರು 20 ಡಿಗ್ರಿಯಿಂದ 45ಕ್ಕೆ ಏರಬೇಕು ಅಂತ ಇಟ್ಟುಕೊಳ್ಳಿ. ಅದಕ್ಕೆ ಸುಮಾರು 0.58 ಯೂನಿಟ್ ಬೇಕೇ ಬೇಕು. 1500 ವ್ಯಾಟಿಗೆ 23 ನಿಮಿಷ, 918ಕ್ಕೆ 38 ನಿಮಿಷ. ನಿಧಾನವಾಗಿ ಕಾದಷ್ಟೂ ಬಕೆಟ್ಟಿನಿಂದ ಬಿಸಿ ಒಂಚೂರು ಹೊರಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಹೆಚ್ಚು ಖರ್ಚಾಗುವುದು ನಿಮ್ಮ ಅಮ್ಮನ ತಾಳ್ಮೆ.

ತೋಟದ_ದಾರಿ:
ಸ್ವಲ್ಪ ತಡೀರಿ, ಮಾವನನ್ನು ಪೂರ್ತಿ ಸೋಲಿಸಬೇಡಿ. ಮೋಟರ್ ವಿಷಯದಲ್ಲಿ ಅವರು ಹೇಳೋದು ನಿಜ. ನಮ್ಮ ಬೋರಿನ 2 ಎಚ್‌ಪಿ ಮೋಟರಿನ ಪ್ಲೇಟಿನ ಮೇಲೆ 12 ಆಂಪ್ ಅಂತ ಇತ್ತು. ವೋಲ್ಟೇಜ್ ಬಿದ್ದ ದಿನ ಪ್ಯಾನಲ್ಲಿನ ಮುಳ್ಳು 15ರ ಮೇಲೆ ನಿಂತಿತ್ತು, ನಾನು ಗಿಡಕ್ಕೆ ನೀರಾಗಲಿ ಅಂತ ಸುಮ್ನೆ ಬಿಟ್ಟೆ. ವೈಂಡಿಂಗ್, ಅಂದರೆ ಒಳಗಿನ ತಂತಿಸುತ್ತು, ಸುಟ್ಟುಹೋಯಿತು. ನೀರು ಮೇಲೆತ್ತುವ ಭಾರ ಹಾಗೇ ಇರುತ್ತದೆ, ವೋಲ್ಟ್ ಕಡಿಮೆಯಾದರೆ ಅದು ಆಂಪ್ ಜಾಸ್ತಿ ಎಳೆದು ಹೇಗೋ ತಿರುಗುತ್ತದೆ. ಆ ಆಂಪಿನ ವರ್ಗ ಗುಣಿಸು ಓಮ್, ಅಷ್ಟು ಬಿಸಿ ವೈಂಡಿಂಗಲ್ಲೇ ಕೂರುತ್ತದೆ. ಮೋಟರಿಗೆ ಈ ಕಾಯಿಲ್ ಲೆಕ್ಕ ಹಾಕಲೇಬೇಡಿ. ಅದರ ವೈಂಡಿಂಗ್ ಅಳೆದರೆ ಎರಡು ಓಮ್ ಬರಬಹುದು, 230ನ್ನು ಭಾಗಿಸಿದರೆ 115 ಆಂಪ್. ಅಷ್ಟು ಎಳೆದರೆ ಮೋಟರ್ ಉಳಿಯುತ್ತಾ? ಅಲ್ಲಿ ವ್ಯಾಟ್ ಬೇಕಾದರೆ ವೋಲ್ಟ್, ಆಂಪ್ ಜೊತೆಗೆ ಪವರ್ ಫ್ಯಾಕ್ಟರ್ (ಆ ಗುಣಾಕಾರದಲ್ಲಿ ನಿಜವಾದ ವ್ಯಾಟ್ ಆಗುವ ಪಾಲು) ಕೂಡ ಗುಣಿಸಬೇಕು.

ಹಾಸನ_ವೈರ್‌ಮ್ಯಾನ್:
ಸರಿಯಾಗಿ ಹೇಳಿದಿರಿ. ತಮ್ಮಾ, ಇನ್ನೊಂದು ಕೆಲಸ ಮಾಡು. ಕಾಯಿಲ್ ಓಡುತ್ತಿರುವಾಗ ಮೀಟರ್ ಬೋರ್ಡ್ ಹತ್ತಿರ ಎಷ್ಟು ವೋಲ್ಟ್, ಎಕ್ಸ್‌ಟೆನ್ಷನ್‌ನ ಖಾಲಿ ತೂತಿನಲ್ಲಿ ಎಷ್ಟು, ಎರಡೂ ನೋಡು. ಕಾಲಿಗೆ ಚಪ್ಪಲಿ ಇರಲಿ, ಕೈ ಒಣಗಿರಲಿ. ಎಲ್ಲವನ್ನೂ ಲೈನಿನ ತಲೆಗೆ ಕಟ್ಟೋದು ಬೇಡ.

ಬೇಲೂರು_ಕೊನೆಮನೆ:
ನೋಡಿದೆ. ಬೋರ್ಡಲ್ಲಿ 186, ಎಕ್ಸ್‌ಟೆನ್ಷನಲ್ಲಿ 180. ಅಂದರೆ 6 ವೋಲ್ಟ್ ಮನೆಯೊಳಗೇ ಹೋಗುತ್ತಿದೆ. 6 ಭಾಗಿಸು 5.1, ಸುಮಾರು 1.2 ಓಮ್. 6 ಗುಣಿಸು 5.1, ಸುಮಾರು 30 ವ್ಯಾಟ್. ಸರಿ ಮಾಡಿದೆನಾ?

ಹಾಸನ_ವೈರ್‌ಮ್ಯಾನ್:
ಲೆಕ್ಕ ಸರಿ, ಮನೆ ಸರಿ ಇಲ್ಲ. ಬೋರ್ಡಿಂದ ಬಚ್ಚಲಿಗೆ ಎಷ್ಟು ದೂರ? 1.5 ಎಂಎಂ ತಾಮ್ರದ ವೈರ್ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 12 ಓಮ್. ಹೋಗಿ ಬರುವ ಎರಡೂ ವೈರ್ ಲೆಕ್ಕ ಹಿಡಿದರೆ 1.2 ಓಮಿಗೆ 50 ಮೀಟರ್ ದೂರ ಇರಬೇಕು.

ಬೇಲೂರು_ಕೊನೆಮನೆ:
15 ಮೀಟರ್ ಇದ್ದರೆ ಹೆಚ್ಚು.

ಹಾಸನ_ವೈರ್‌ಮ್ಯಾನ್:
ಹಾಗಾದರೆ ಎಲ್ಲೋ ಸಡಿಲ ಇದೆ. ಸ್ವಿಚ್ ಆಫ್ ಮಾಡಿ ಎಕ್ಸ್‌ಟೆನ್ಷನ್‌ನ ಪ್ಲಗ್ ಮುಟ್ಟಿ ನೋಡು.

ಬೇಲೂರು_ಕೊನೆಮನೆ:
ಮುಟ್ಟೋಕೆ ಆಗಲಿಲ್ಲ, ಅಷ್ಟು ಬಿಸಿ. ಬಿಚ್ಚಿದರೆ ನ್ಯೂಟ್ರಲ್ ಸ್ಕ್ರೂ ಅಲ್ಲಾಡುತ್ತಿತ್ತು, ಸುತ್ತ ಪ್ಲಾಸ್ಟಿಕ್ ಕಪ್ಪಗಾಗಿ ಕರಗಿದೆ. ಪರೀಕ್ಷೆಗೆ ಅಂತ ಸ್ಕ್ರೂ ಬಿಗಿ ಮಾಡಿ ಒಂದೇ ಸಲ ಹಾಕಿದೆ, 184 ಬಂತು, 5.2 ಆಂಪ್. ಆಮೇಲೆ ಆ ಎಕ್ಸ್‌ಟೆನ್ಷನನ್ನೇ ಎಸೆದೆ. ನಾಳೆ 16 ಆಂಪಿನ ಪಾಯಿಂಟ್ ಹಾಕಿಸುತ್ತೇನೆ. ಮಾವನಿಗೆ ಮೋಟರ್ ವಿಷಯ ಓದಿ ಹೇಳಿದೆ. "ನಾನು ಹೇಳಲಿಲ್ವಾ?" ಅಂತ ಎರಡನೇ ಸಲ ಕಾಫಿ ಕೇಳಿದರು.