ಪಾರ್ಕ್ ಹಿಂದಿನ ಸೈಟಲ್ಲಿ ಮತ್ತೆ ವೈರ್ ಸುಟ್ಟಿದ್ದಾರೆ, ಏನು ಮಾಡೋಣ?

ಮನೆ 27, 3ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಈ ತಿಂಗಳು ಇದು ಮೂರನೇ ಸಲ. ಕಿಟಕಿ ಮುಚ್ಚಿದರೂ ಹೊಗೆ ಒಳಗೆ ಬಂತು. ನಮ್ಮ ಅತ್ತೆಗೆ ಉಬ್ಬಸ, ರಾತ್ರಿಯೆಲ್ಲ ಕೂತೇ ಇದ್ದರು. ಬೆಳಿಗ್ಗೆ ಹೋಗಿ ನೋಡಿದೆ. ಬೂದಿಯಲ್ಲಿ ಚಾರ್ಜರ್ ತುಂಡು, ಕೀಬೋರ್ಡ್ ಗುಂಡಿಗಳು, ಸೆಟ್‌ಟಾಪ್ ಬಾಕ್ಸಿನ ತಗಡು ಬಿದ್ದಿದ್ದವು.

ಮನೆ 8, 1ನೇ ಕ್ರಾಸ್:
ಪೊಲೀಸರಿಗೆ ದೂರು ಕೊಡೋಣ ಮೇಡಂ. ಸುಮ್ನೆ ಬಿಟ್ಟರೆ ಜಾಸ್ತಿ ಆಗುತ್ತೆ.

ಮನೆ 41, 3ನೇ ಕ್ರಾಸ್:
ಸರ್, ಸುಡುವವರು ಗುಜರಿ ಆಯುವ ಇಬ್ಬರು ಹುಡುಗರು. ನಾನು ಮಾತಾಡಿಸಿದೆ. ವೈರ್ ಸುಲಿಯಲು ಅರ್ಧ ದಿನ ಬೇಕು, ಸುಟ್ಟರೆ ಹತ್ತು ನಿಮಿಷದಲ್ಲಿ ತಾಮ್ರ ಕೈಗೆ ಬರುತ್ತೆ ಎಂದರು. ಆ ವೈರ್ ಹೋಗಿದ್ದು ನಮ್ಮ ಮನೆಗಳಿಂದಲೇ ಅಲ್ವಾ? ಹೋದ ವಾರ ಹಳೇ ಮಿಕ್ಸಿ, ರೂಟರ್ ಒಣ ಕಸಕ್ಕೆ ಹಾಕಿದವಳು ನಾನೇ. ನಮಗಿಂತ ಮೊದಲು ಆ ಹೊಗೆ ಕುಡಿಯುವವರು ಆ ಮಕ್ಕಳು.

ಮನೆ 12, 2ನೇ ಕ್ರಾಸ್:
41ನೇ ಮನೆ ತಾಯಿ ಹೇಳಿದ್ದು ಸರಿ. ನಾನು ಟೆಲಿಫೋನ್ ಕಾರ್ಖಾನೆಯಲ್ಲಿ ಬೆಸುಗೆ ವಿಭಾಗದಲ್ಲಿ ಇದ್ದವನು. ಹಳೇ ಬೋರ್ಡುಗಳ ಬೆಸುಗೆಯಲ್ಲಿ ನೂರಕ್ಕೆ ಸುಮಾರು 40 ಭಾಗ ಸೀಸ. ವೈರ್ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಬರುತ್ತೆ, ಅದು ಮಣ್ಣಿಗೂ ಸೇರುತ್ತೆ. ಪಕ್ಕದಲ್ಲೇ ಮಕ್ಕಳ ಜಾರುಬಂಡೆ ಇದೆ.

ಇದಕ್ಕೆ ನಿಯಮ ಇದೆ. 2022ರ ಇ-ತ್ಯಾಜ್ಯ (ಎಲೆಕ್ಟ್ರಾನಿಕ್ ಕಸ) ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಿಂದೆ ನಿಯಮದಡಿ 21 ಬಗೆಯ ವಸ್ತುಗಳಿದ್ದವು, ಈಗ 106. ಹಳೇ ಸಾಮಾನು ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವ ಹೊಣೆ ತಯಾರಿಸಿದ ಕಂಪನಿಯದು. ಆದರೆ ಅದು ನಮ್ಮ ಮನೆಯಿಂದ ಅಧಿಕೃತ ಮರುಬಳಕೆ ಘಟಕದವರೆಗೆ ತಲುಪಬೇಕಲ್ಲ, ಅಲ್ಲೇ ದಾರಿ ತಪ್ಪುತ್ತಿದೆ. ನಮ್ಮ ಪಕ್ಕದ ದಾಬಸ್‌ಪೇಟೆಯಲ್ಲಿ 2005ರಿಂದಲೇ ಇಂಥ ಘಟಕ ಇದೆ.

ಮನೆ 33, 2ನೇ ಕ್ರಾಸ್:
ಗುಜರಿಯವರು ಸತ್ತ ಲ್ಯಾಪ್‌ಟಾಪಿಗೂ ನಾಲ್ಕು ಕಾಸು ಕೊಡುತ್ತಾರೆ ಅಂಕಲ್. ಸುಮ್ನೆ ಯಾರು ಕೊಡುತ್ತಾರೆ? ಮೇಲಾಗಿ ಫೋನಲ್ಲಿ ಫೋಟೋ, ಬ್ಯಾಂಕ್ ವಿವರ ಎಲ್ಲ ಇರುತ್ತೆ.

ಮನೆ 12:
ಸತ್ತ ಲ್ಯಾಪ್‌ಟಾಪ್ ಗುಜರಿಗೆ ಹೋದರೂ ಫೋಟೋ ಅದರಲ್ಲೇ ಇರುತ್ತಪ್ಪ. ಹಾರ್ಡ್‌ಡಿಸ್ಕ್ ಬಿಚ್ಚಿ ತಂದುಕೊಡಿ, ನಿಮ್ಮೆದುರೇ ಡ್ರಿಲ್ ಹಾಕಿ ತೂತು ಮಾಡುತ್ತೇನೆ. ಫೋನನ್ನು ಮಾತ್ರ ಚುಚ್ಚಬೇಡಿ, ಬ್ಯಾಟರಿ ಹೊತ್ತಿಕೊಳ್ಳುತ್ತೆ. ಅದರ ಡೇಟಾ ಮೊದಲೇ ಅಳಿಸಿ.

ಮನೆ 27:
ಹಾಗಾದರೆ ಭಾನುವಾರ ನಮ್ಮ ಗ್ಯಾರೇಜಲ್ಲಿ ಸೇರಿಸೋಣ. ಟ್ಯೂಬ್‌ಲೈಟಲ್ಲಿ ಪಾದರಸ ಇರುತ್ತೆ, ಒಡೆಯದಂತೆ ರಟ್ಟಿನಲ್ಲಿ ಸುತ್ತಿ ತನ್ನಿ. ಬಿಡಿ ಬ್ಯಾಟರಿಗಳ ತುದಿಗೆ ಟೇಪ್ ಅಂಟಿಸಿ ಬೇರೆ ಡಬ್ಬಿಯಲ್ಲಿ ಹಾಕಿ. ಊದಿಕೊಂಡ ಬ್ಯಾಟರಿ ಇದ್ದರೆ ತರಬೇಡಿ, ಮೊದಲು ನನಗೆ ಫೋನ್ ಮಾಡಿ.

ಮನೆ 8:
ಸರಿ, ಪೊಲೀಸರ ಮಾತು ಬಿಡುತ್ತೇನೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿ ನೋಡಿ, ಅಧಿಕೃತ ಘಟಕದವರಿಗೆ ನಾನೇ ಫೋನ್ ಮಾಡುತ್ತೇನೆ. ರಸೀದಿ ಕೊಡದವರಿಗೆ ಕೊಡುವುದು ಬೇಡ. ಆದರೆ ಆ ಹುಡುಗರ ಸಂಪಾದನೆ ಹೋಗುತ್ತಲ್ಲ?

ಮನೆ 41:
ಮನೆಮನೆಯಿಂದ ತರುವ ಕೆಲಸ ಅವರಿಗೇ ಕೊಡೋಣ. ಮನೆಗೆ 50 ರೂಪಾಯಿ ಹಾಕಿದರೆ ಇಬ್ಬರಿಗೂ ದಿನದ ಕೂಲಿ ಆಗುತ್ತೆ. ತಿಂಗಳಿಗೊಮ್ಮೆ ಹೀಗೇ ಮಾಡಬಹುದು. ಬೆಳಿಗ್ಗೆ 9ಕ್ಕೆ ಬರಲು ಹೇಳುತ್ತೇನೆ. ತಿಂಡಿ ನಮ್ಮ ಮನೆಯಲ್ಲಿ.

ಮನೆ 33:
ನಮ್ಮದು ಎರಡು ಫೋನು, ಒಂದು ಪ್ರಿಂಟರ್. ಪ್ರಿಂಟರ್ ಭಾರ ಇದೆ, ಇಬ್ಬರೂ ಬರಲಿ.