ಸೀರೆಗಳಿಗೆ ಸಂದರ್ಭದ ಟ್ಯಾಗ್: ಎಲ್ಲವೂ ‘ಮದುವೆ’ಯೇ ಆದರೆ ಗ್ರಾಹಕರು ಆರಿಸುವುದು ಹೇಗೆ?

ಪ್ರಶ್ನೆ: ದಾವಣಗೆರೆ ಜವಳಿ

ನಮ್ಮದು ದಾವಣಗೆರೆಯಲ್ಲಿ ತಂದೆಯವರ ಕಾಲದಿಂದ ನಡೆದುಬಂದಿರುವ ಸೀರೆ ಅಂಗಡಿ. ಕಳೆದ ವರ್ಷ ವರ್ಡ್‌ಪ್ರೆಸ್ ತಾಣದಲ್ಲಿ ಮಳಿಗೆ ನಡೆಸಲು ನೆರವಾಗುವ ವೂಕಾಮರ್ಸ್ ತಂತ್ರಾಂಶ ಬಳಸಿ ಆನ್‌ಲೈನ್ ಮಳಿಗೆಯನ್ನೂ ತೆರೆದೆವು. ಈಗ ಅದರಲ್ಲಿ ಸುಮಾರು 640 ಸೀರೆಗಳಿವೆ. ಪಟ್ಟಿಯನ್ನು ಸಿದ್ಧಪಡಿಸಿಕೊಟ್ಟ ಸಂಸ್ಥೆಯವರೇ ಯಾವ ಸೀರೆ ಯಾವ ಸಂದರ್ಭಕ್ಕೆ ಎಂಬ ಟ್ಯಾಗ್‌ಗಳನ್ನೂ ಹಾಕಿದ್ದರು. ಮೊನ್ನೆ ಎಣಿಸಿದಾಗ 412 ಸೀರೆಗಳಿಗೆ ‘ಮದುವೆ’ ಎಂದೂ, ಹೆಚ್ಚುಕಡಿಮೆ ಅಷ್ಟಕ್ಕೇ ‘ಹಬ್ಬ’ ಎಂದೂ ಇರುವುದು ಕಂಡಿತು. ‘ಗೃಹಪ್ರವೇಶ’, ‘ಗೃಹ ಪ್ರವೇಶ’, ‘ಮನೆ ಒಕ್ಕಲು’ ಎಂಬ ಮೂರು ಟ್ಯಾಗ್‌ಗಳು ಬೇರೆಬೇರೆಯಾಗಿ ನಿಂತಿವೆ. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಗೆ ‘ಪಾರ್ಟಿ’ ಎಂದು ಬರೆದದ್ದನ್ನು ನೋಡಿ ನಮ್ಮ ತಾಯಿಯವರು ನಕ್ಕರು, ಆಮೇಲೆ ಬೇಸರಪಟ್ಟರು.

ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಬೇಕೆಂದಿದ್ದೇವೆ. ಸಂದರ್ಭಗಳನ್ನು ಯಾವ ಆಧಾರದ ಮೇಲೆ ಗೊತ್ತುಮಾಡಬೇಕು, ಒಂದು ಸೀರೆಗೆ ಎಷ್ಟು ಟ್ಯಾಗ್ ಇರಬಹುದು, ಇದನ್ನು ಟ್ಯಾಗ್ ಆಗಿಯೇ ಇಡಬೇಕೋ ಬೇರೆ ರೀತಿಯಲ್ಲಿ ಇಡಬೇಕೋ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕ್ಯಾಟಲಾಗ್ ಕೆಲಸದವನು, ಬೆಂಗಳೂರು

ಉಡುಪುಗಳ ಪಟ್ಟಿ ಮಾಡುವುದೇ ನನ್ನ ಕೆಲಸವಾಗಿರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನೂಲು ಯಾವುದು, ಜರಿ ಎಂಥದು, ಅಂಚು ಎಷ್ಟು ಅಗಲ, ಜೊತೆಗೆ ರವಿಕೆ ಬಟ್ಟೆ ಇದೆಯೋ ಇಲ್ಲವೋ ಎಂಬುವು ಸೀರೆಯ ಗುಣಗಳು. ಅವನ್ನು ಸೀರೆಯನ್ನು ಬಿಚ್ಚಿ ನೋಡಿದರೆ ಹೇಳಬಹುದು. ಸಂದರ್ಭ ಹಾಗಲ್ಲ, ಅದು ಉಡುವವರಿಗೆ ಸೇರಿದ್ದು. ಅದೇ ಸೀರೆ ಮದುಮಗಳ ಅತ್ತಿಗೆಗೆ ಮದುವೆಯ ಸೀರೆಯಾಗಿರುತ್ತದೆ, ಮದುಮಗಳಿಗೆ ಮರುದಿನ ದೇವಸ್ಥಾನಕ್ಕೆ ಹೋಗುವ ಸೀರೆಯಾಗಿರುತ್ತದೆ. ನಿಮ್ಮ ಅಂಗಡಿಯ ಗಾದಿಯ ಮೇಲೆ ಕುಳಿತವರು ಗ್ರಾಹಕರನ್ನು ಮೊದಲು ಏನು ಕೇಳುತ್ತಾರೆಂಬುದನ್ನು ನೆನಪಿಸಿಕೊಳ್ಳಿ. ‘ನಿಮಗೋ, ಕೊಡುವುದಕ್ಕೋ?’ ಎಂದು ಕೇಳಿ, ಆಮೇಲೆ ‘ಯಾರ ಮದುವೆ?’ ಎನ್ನುತ್ತಾರೆ. ಆ ಎರಡು ಪ್ರಶ್ನೆಗಳು ಸಂಸ್ಥೆಯವರ ಪಟ್ಟಿಯಲ್ಲಿ ಇಲ್ಲದ್ದರಿಂದಲೇ 412 ಸೀರೆಗಳೂ ಒಂದೇ ಗಂಟಿನಲ್ಲಿ ಬಿದ್ದಿವೆ.

ಆದ್ದರಿಂದ ‘ಮದುವೆ’ ಎಂಬ ಒಂದೇ ಪದವನ್ನು ಬಿಟ್ಟು ‘ಧಾರೆ ಸೀರೆ’, ‘ಆರತಕ್ಷತೆ’, ‘ಮದುವೆ ಮನೆಯವರಿಗೆ’, ‘ಮದುವೆಗೆ ಹೋಗುವವರಿಗೆ’, ‘ಉಡುಗೊರೆ’ ಎಂದು ಒಡೆಯಿರಿ. ಹೀಗೆ ಒಡೆದಾಗ ಬೆಲೆಯೂ ತೂಕವೂ ತಾವಾಗಿಯೇ ಬೇರ್ಪಡುತ್ತವೆ, ಏಕೆಂದರೆ ಬೀಗರ ಕಡೆಯ ಹದಿನೈದು ಮಂದಿಗೆ ಕೊಡಲು ಸೀರೆ ಹುಡುಕುವವರು ಅಪ್ಪಟ ರೇಷ್ಮೆಯ ಧಾರೆ ಸೀರೆಗಳ ನಡುವೆ ಅಲೆಯುವುದಿಲ್ಲ. ಒಂದು ಸೀರೆಗೆ ಎರಡು ಸಂದರ್ಭ ಸಾಕು, ತೀರಾ ಅಗತ್ಯವಿದ್ದರೆ ಮೂರು. ‘ಇದಕ್ಕೂ ಉಡಬಹುದಲ್ಲ’ ಎಂಬ ವಾದಕ್ಕೆ ಕೊನೆಯೇ ಇಲ್ಲ. ‘ಇದಕ್ಕೆಂದೇ ಬಂದವರಿಗೆ ನಾನು ಮೊದಲು ಇದನ್ನು ಬಿಡಿಸಿ ತೋರಿಸುತ್ತೇನೆಯೇ?’ ಎಂದು ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ.

ವ್ರತ, ಪೂಜೆಗಳ ಟ್ಯಾಗ್ ಹಾಕುವಾಗ ಮಾತ್ರ ನೂಲಿನ ಕಡೆ ಗಮನವಿರಲಿ. ಮಡಿಗೆ ಉಡುವವರು ಅಪ್ಪಟ ರೇಷ್ಮೆಯನ್ನೇ ಕೇಳುತ್ತಾರೆ. ರೇಷ್ಮೆಯಂತೆ ಹೊಳೆಯುವ ಪಾಲಿಯೆಸ್ಟರ್ ಸೀರೆಗೆ ‘ಪೂಜೆ’ ಎಂದು ಬರೆದರೆ ಅದು ಹಿಂದಿರುಗಿ ಬಂದೀತು.

ಉತ್ತರ: ಹುಬ್ಬಳ್ಳಿಯ ಓದುಗಿ

ಚಂದ್ರಕಾಳಿಗೆ ‘ಪಾರ್ಟಿ’ ಎಂದು ಬರೆದವರು ಬಣ್ಣವನ್ನಷ್ಟೇ ನೋಡಿರಬೇಕು. ಕಪ್ಪು ಶುಭಕಾರ್ಯಕ್ಕೆ ಸಲ್ಲದು ಎಂದು ನಂಬುವ ಮನೆಗಳು ಬಹಳಷ್ಟಿವೆ ನಿಜ. ಆದರೆ ನಮ್ಮ ಕಡೆ ಕಸೂತಿಯ ಚಂದ್ರಕಾಳಿಯು ಮದುಮಗಳಿಗೆ ಕೊಡುವ ಸೀರೆಗಳ ಸಾಲಿನಲ್ಲಿ ಹಿಂದಿನಿಂದಲೂ ಇದೆ. ಬಣ್ಣದಿಂದ ಸಂದರ್ಭವನ್ನು ಊಹಿಸುವ ನಿಯಮವನ್ನು ಕಂಪ್ಯೂಟರಿಗೆ ಕೊಟ್ಟರೆ ಮೊದಲು ಕಳೆದುಹೋಗುವುದೇ ಇಂಥ ಸೀರೆ. ಹಾಗೆಯೇ ಟೋಪ್ ತೆನಿ (ಗೋಪುರದ ಸಾಲಿನಂಥ ವಿನ್ಯಾಸ) ಸೆರಗಿನ ಇಳಕಲ್ ಸೀರೆಯನ್ನು ಎಷ್ಟೋ ಮಳಿಗೆಗಳಲ್ಲಿ ‘ದಿನಬಳಕೆ’ ಎಂದು ಮಾತ್ರ ತೋರಿಸುತ್ತಾರೆ. ಹತ್ತಿಯ ಇಳಕಲ್ಲಿಗೆ ಅದು ಒಪ್ಪುತ್ತದೆ, ರೇಷ್ಮೆಯ ಇಳಕಲ್ಲಿಗೆ ಒಪ್ಪುವುದಿಲ್ಲ.

ಹೆಸರುಗಳ ವಿಷಯದಲ್ಲಿಯೂ ಒಂದು ಮಾತು. ನೀವು ‘ಸೀಮಂತ’ ಎನ್ನುವುದನ್ನು ನಮ್ಮಲ್ಲಿ ‘ಕುಬುಸ’ ಎನ್ನುತ್ತೇವೆ, ಕರಾವಳಿಯವರು ‘ಬಯಕೆ’ ಎನ್ನುತ್ತಾರೆ. ಕುಬುಸಕ್ಕೆಂದು ಹುಡುಕುವವರು ಹಸಿರು ಸೀರೆಯನ್ನೇ ಹುಡುಕುತ್ತಾರೆ. ಅಲ್ಲಿ ಬಣ್ಣವೇ ಮುಖ್ಯ. ಅಂದರೆ ಬಣ್ಣವನ್ನು ಎಲ್ಲಿಯೂ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ, ಯಾವ ಕಾರ್ಯಕ್ಕೆ ಯಾವ ಬಣ್ಣ ಎಂಬುದನ್ನು ನಿಮ್ಮ ತಾಯಿಯವರಂಥವರನ್ನು ಕೇಳಿ ನಿರ್ಧರಿಸಿ ಎನ್ನುತ್ತಿದ್ದೇನೆ. ಜೊತೆಗೆ, ರವಿಕೆ ಕಣಗಳನ್ನು ಮಾರುತ್ತಿದ್ದರೆ ಅವಕ್ಕೆ ‘ಬಾಗಿನ’ ಎಂಬ ಟ್ಯಾಗ್ ಮರೆಯಬೇಡಿ. ಗೌರಿ ಹಬ್ಬದ ಮುಂಚೆ ಮೊರದ ಬಾಗಿನಕ್ಕೆ ಇಡಲು ಅವನ್ನು ಹತ್ತು, ಇಪ್ಪತ್ತರ ಲೆಕ್ಕದಲ್ಲಿ ಕೊಳ್ಳುತ್ತಾರೆ.

ಉತ್ತರ: ವರ್ಡ್‌ಪ್ರೆಸ್ ಕೆಲಸಗಾರ, ಶಿವಮೊಗ್ಗ

ತಾಂತ್ರಿಕ ಭಾಗವನ್ನು ನಾನು ಹೇಳುತ್ತೇನೆ. ಸಂದರ್ಭವನ್ನು ಟ್ಯಾಗ್ ಆಗಿ ಇಡಬೇಡಿ. ವೂಕಾಮರ್ಸ್‌ನ ಆಟ್ರಿಬ್ಯೂಟ್ (ಬಣ್ಣ, ನೂಲಿನಂಥ ಗುಣಗಳನ್ನು ದಾಖಲಿಸುವ ಅಂಕಣ) ಆಗಿ, ‘ಸಂದರ್ಭ’ ಎಂಬ ಒಂದೇ ಹೆಸರಿನಡಿ ಇಡಿ. ಟ್ಯಾಗ್‌ನಲ್ಲಿ ಯಾರು ಏನು ಟೈಪ್ ಮಾಡಿದರೂ ಹೊಸ ಪದವೊಂದು ಹುಟ್ಟುತ್ತದೆ, ನಿಮ್ಮ ಮೂರು ಗೃಹಪ್ರವೇಶಗಳು ಹುಟ್ಟಿದ್ದು ಹಾಗೆಯೇ. ಆಟ್ರಿಬ್ಯೂಟ್‌ನಲ್ಲಿ ಮೊದಲೇ ಗೊತ್ತುಮಾಡಿದ ಪಟ್ಟಿಯಿಂದ ಆರಿಸುವುದೇ ರೂಢಿಯಾಗುತ್ತದೆ, ಬದಿಯ ಫಿಲ್ಟರ್‌ಗೂ ಅದು ಸುಲಭವಾಗಿ ಹೊಂದುತ್ತದೆ.

ಪದದ ಹೆಸರನ್ನು ಕನ್ನಡದಲ್ಲಿಯೇ ಇಟ್ಟು, ಸ್ಲಗ್ ಅನ್ನು (ಲಿಂಕ್‌ನಲ್ಲಿ ಆ ಪದಕ್ಕೆ ಬರುವ ಹೆಸರನ್ನು) ಮಾತ್ರ ರೋಮನ್ ಅಕ್ಷರಗಳಲ್ಲಿ ಬರೆಯಿರಿ. ಕನ್ನಡದ ಪ್ರತಿ ಸಂಕೇತವೂ ಕಂಪ್ಯೂಟರ್ ಅಕ್ಷರಗಳನ್ನು ಇಡುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಆಗಿ, ಪ್ರತಿ ಬೈಟ್‌ಗೂ 3 ಚಿಹ್ನೆ ಬೇಕಾಗುವುದರಿಂದ ಲಿಂಕ್‌ನಲ್ಲಿ ಅದು 9 ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಮದುವೆ’ ನಮಗೆ ಮೂರಕ್ಷರ. ಗುಣಿತದ ಚಿಹ್ನೆಗಳೂ ಸೇರಿ ಯುನಿಕೋಡ್‌ನಲ್ಲಿ 5 ಸಂಕೇತ, ಲಿಂಕ್‌ನಲ್ಲಿ 45 ಚಿಹ್ನೆ. ವಾಟ್ಸ್‌ಆ್ಯಪ್‌ನಲ್ಲಿ ಅಂಥ ಲಿಂಕ್ ಕಳುಹಿಸಿದರೆ ಗ್ರಾಹಕರು ಹೆದರುತ್ತಾರೆ. ಒಮ್ಮೆ ಹಂಚಿದ ಮೇಲೆ ಆ ಸ್ಲಗ್ ಅನ್ನು ಬದಲಿಸಬೇಡಿ; ಹಳೆಯ ಲಿಂಕ್ ಅನ್ನು ಹೊಸದಕ್ಕೆ ತಿರುಗಿಸುವ ವ್ಯವಸ್ಥೆ ಸೀರೆಯ ಪುಟಗಳಿಗೆ ಇರುವಂತೆ ಈ ಪದಗಳಿಗೆ ವರ್ಡ್‌ಪ್ರೆಸ್‌ನಲ್ಲಿ ತಾನಾಗಿ ಇಲ್ಲ. ಮತ್ತೊಂದು ತೊಡಕಿದೆ. ಮಳಿಗೆಯೊಳಗಿನ ಸಾಮಾನ್ಯ ಹುಡುಕಾಟವು ಸೀರೆಯ ಹೆಸರನ್ನೂ ವಿವರಣೆಯನ್ನೂ ನೋಡುತ್ತದೆಯೇ ಹೊರತು ಈ ಪದಗಳನ್ನು ನೋಡುವುದಿಲ್ಲ. ಹುಬ್ಬಳ್ಳಿಯವರು ಹೇಳಿದ ಕುಬುಸ, ಬಯಕೆ ಎಂಬ ಮಾತುಗಳನ್ನು ವಿವರಣೆಯ ವಾಕ್ಯದಲ್ಲಿಯೇ ಸೇರಿಸಿದರೆ ಮಾತ್ರ ಹುಡುಕಿದವರಿಗೆ ಸೀರೆ ಸಿಗುತ್ತದೆ.

ಹಬ್ಬಗಳಿಗೆ ದಿನಾಂಕವನ್ನು ಕಟ್ಟಿಹಾಕಬೇಡಿ. ವರಮಹಾಲಕ್ಷ್ಮಿ ವ್ರತ 2023ರಲ್ಲಿ ಅಧಿಕ ಶ್ರಾವಣದಿಂದಾಗಿ ಆಗಸ್ಟ್ 25ಕ್ಕೆ ಬಂತು, 2024ರಲ್ಲಿ 16ಕ್ಕೆ, 2025ರಲ್ಲಿ 8ಕ್ಕೆ. ಸೀರೆಯ ಮೇಲಿನ ಪದ ವರ್ಷವಿಡೀ ಹಾಗೆಯೇ ಇರಲಿ. ಮುಖಪುಟದಲ್ಲಿ ಯಾವ ಸಂದರ್ಭವನ್ನು ಮುಂದೆ ಮಾಡಬೇಕೆಂಬುದನ್ನು ಮಾತ್ರ ಪಂಚಾಂಗ ನೋಡಿ ಕೈಯಿಂದ ಬದಲಿಸಿ.

ಪ್ರಶ್ನಿಸಿದವರ ಮರುಪ್ರಶ್ನೆ: ದಾವಣಗೆರೆ ಜವಳಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ 40 ಸೀರೆಗಳನ್ನು ಗಾದಿಯ ಮೇಲೆ ಹರಡಿ, ತಾಯಿಯವರು ಒಂದು ಕಾಗದದಲ್ಲಿ, ನಾನು ಇನ್ನೊಂದರಲ್ಲಿ ಸಂದರ್ಭ ಬರೆದೆವು. 29ರಲ್ಲಿ ಇಬ್ಬರದೂ ಒಂದೇ ಇತ್ತು. ಉಳಿದವುಗಳಲ್ಲಿ ಹೆಚ್ಚಿನವನ್ನು ನಾನು ‘ಮದುವೆಗೆ ಹೋಗುವವರಿಗೆ’ ಎಂದು ಬರೆದಿದ್ದರೆ ಅವರು ‘ಉಡುಗೊರೆ’ ಎಂದಿದ್ದರು. ‘ಜರಿ ಮುಂದೆ ಕಾಣುತ್ತೆ, ಒಳಗೆ ಮೈ ತೆಳು, ಇದು ಕೊಡೋ ಸೀರೆ’ ಎಂಬುದು ಅವರ ತೀರ್ಪು. ಸೆರಗನ್ನು ಬೆಳಕಿಗೆ ಹಿಡಿದು ತೋರಿಸಿದಾಗ ನಾನು ಒಪ್ಪಲೇಬೇಕಾಯಿತು. ಆದರೆ ‘ಉಡುಗೊರೆ’ ಎಂದು ಸೀರೆಯ ಪುಟದಲ್ಲಿಯೇ ಕಂಡರೆ ಉಡುಗೊರೆ ಪಡೆದವರು ಆ ಪುಟವನ್ನು ನೋಡಿ ಕಡಿಮೆ ದರ್ಜೆಯದೆಂದುಕೊಳ್ಳಬಹುದಲ್ಲವೇ?

ಉತ್ತರ: ವರ್ಡ್‌ಪ್ರೆಸ್ ಕೆಲಸಗಾರ, ಶಿವಮೊಗ್ಗ

ಖಂಡಿತ ಅಂದುಕೊಳ್ಳುತ್ತಾರೆ. ಪ್ರತಿ ಸೀರೆಯಲ್ಲಿ ಆಟ್ರಿಬ್ಯೂಟ್‌ನ ಪಕ್ಕದಲ್ಲಿ ಅದನ್ನು ಪುಟದಲ್ಲಿ ತೋರಿಸಬೇಕೇ ಎಂದು ಕೇಳುವ ಒಂದು ಚೌಕವಿರುತ್ತದೆ; ಅದರ ಗುರುತನ್ನು ತೆಗೆದುಹಾಕಿ. ಫಿಲ್ಟರ್‌ನಲ್ಲಿ ‘ಉಡುಗೊರೆ’ ಆರಿಸಿದವರಿಗೆ ಸೀರೆ ಸಿಗುತ್ತದೆ, ಸೀರೆಯ ಪುಟದಲ್ಲಿ ಆ ಪದ ಕಾಣುವುದಿಲ್ಲ. ಆದರೆ ಆ ಗುರುತು ಇಡೀ ಆಟ್ರಿಬ್ಯೂಟ್‌ಗೆ ಅನ್ವಯಿಸುತ್ತದೆ. ‘ಧಾರೆ ಸೀರೆ’ ಎಂಬುದು ಪುಟದಲ್ಲಿ ಕಾಣಬೇಕು, ‘ಉಡುಗೊರೆ’ ಕಾಣಬಾರದು ಎಂದಿದ್ದರೆ ‘ಯಾರಿಗೆ’ ಎಂಬ ಎರಡನೆಯ ಆಟ್ರಿಬ್ಯೂಟ್ ಮಾಡಿ ‘ಉಡುಗೊರೆ’ಯನ್ನು ಅದರೊಳಗೆ ಹಾಕಿ, ಅದರ ಗುರುತನ್ನು ಮಾತ್ರ ತೆಗೆಯಬೇಕಾಗುತ್ತದೆ.