ಐದು ಕುರ್ಚಿ, ಇಪ್ಪತ್ಮೂರು ಹುರಿಯಾಳು

“ಚುನಾವಣಾ ಸಂವಾದದ ವೇದಿಕೆಯಲ್ಲಿ ಹಿಡಿಸುವುದು ಐದೇ ಕುರ್ಚಿ. ಕಣದಲ್ಲಿರುವವರು ಇಪ್ಪತ್ಮೂರು ಮಂದಿ,” ಎಂದು ಮೇಷ್ಟರು ಪಟ್ಟಿ ಹರಡಿದರು. ಪೆನ್ಸಿಲಿನಲ್ಲಿ ಗುರುತು ಹಾಕಿ, ಅಳಿಸಿ, ಮತ್ತೆ ಹಾಕಿ ಕಾಗದವೇ ಸವೆದಿತ್ತು.

“ಗೆಲ್ಲುವವರನ್ನು ಮಾತ್ರ ಕರೆಯಿರಿ,” ಎಂದರು ವಕೀಲರು.

“ಗೆಲ್ಲುವವರು ಗೊತ್ತಿದ್ದರೆ ಸಂವಾದವೇಕೆ? ನೇರವಾಗಿ ಸನ್ಮಾನವನ್ನೇ ಇಟ್ಟುಕೊಳ್ಳಿ,” ಎಂದರು ಪದ್ಮಕ್ಕ. “ಮೈಕು ಸಿಕ್ಕವರೆಲ್ಲ ಸಂವಾದ ನಡೆಸುವ ಕಾಲವಿದು.”

“ಅಮೆರಿಕದಲ್ಲಿ ಇದಕ್ಕೊಂದು ಅಳತೆಗೋಲಿತ್ತು. 2000ದ ಚುನಾವಣೆಯಿಂದ ಅಧ್ಯಕ್ಷೀಯ ಚರ್ಚೆಗೆ ಬರಲು ಸಮೀಕ್ಷೆಗಳಲ್ಲಿ ಶೇ 15 ಬೆಂಬಲ ಬೇಕೆಂದು ಆ ಚರ್ಚೆ ನಡೆಸುತ್ತಿದ್ದ ಆಯೋಗ ನಿಯಮ ಮಾಡಿತು,” ಎಂದರು ವಕೀಲರು.

“ಆ ಆಯೋಗವನ್ನು 1987ರಲ್ಲಿ ಕಟ್ಟಿದವರು ಎರಡು ದೊಡ್ಡ ಪಕ್ಷಗಳ ಅಧ್ಯಕ್ಷರೇ ಅಲ್ಲವೇ? ಕೂತವರೇ ಕುರ್ಚಿ ಎಣಿಸಿದರೆ ಮೂರನೆಯದು ಸಿಕ್ಕೀತೇ? 1992ರಲ್ಲಿ ಮೂರನೆಯ ಹುರಿಯಾಳು ರಾಸ್ ಪೆರೋ ಅವರನ್ನು ಕರೆದರು, ಸುಮಾರು ಶೇ 19 ಮತ ಬಂತು. 1996ರಲ್ಲಿ ಕರೆಯಲಿಲ್ಲ, ಶೇ 8ಕ್ಕೆ ಇಳಿಯಿತು. ಹೆಸರಾದರೆ ಕರೆಯುತ್ತೀರಿ, ಕರೆಯದೆ ಹೆಸರಾಗುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!” ಎಂದರು ಪದ್ಮಕ್ಕ.

“ಎಲ್ಲರನ್ನೂ ಕರೆದುಬಿಡೋಣ,” ಎಂದ ಶೀನಣ್ಣ. ಉದಾರತೆಗೆ ಅವನು ಎಂದೂ ಲೆಕ್ಕ ಇಟ್ಟವನಲ್ಲ.

ಲೆಕ್ಕ ಮೇಷ್ಟರೇ ಹಾಕಿದರು. ಎರಡು ಗಂಟೆಯಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಆರಂಭಿಸಿ ಇಪ್ಪತ್ತೆರಡು ಹೆಸರು ಹೇಳುವಷ್ಟರಲ್ಲಿ ಅದರಲ್ಲಿ ನಾಲ್ಕು ಮುಗಿದಿರುತ್ತದೆ.

“ಇಪ್ಪತ್ಮೂರೇನು ಮಹಾ! 1996ರಲ್ಲಿ ತಮಿಳುನಾಡಿನ ಮೊಡಕುರಿಚಿಯಲ್ಲಿ 1,033 ಮಂದಿ ನಿಂತಿದ್ದರು. ಮತಪತ್ರವೇ ಪುಸ್ತಕವಾಗಿತ್ತು,” ಎಂದರು ವಕೀಲರು.

“ಅವರಲ್ಲಿ 88 ಮಂದಿಗೆ ಒಂದು ಮತವೂ ಬೀಳಲಿಲ್ಲ,” ಎಂದರು ಪದ್ಮಕ್ಕ.

“ತಮ್ಮ ಸ್ವಂತ ಮತವೂ ಇಲ್ಲವೇ?” ಎಂದ ಶೀನಣ್ಣ.

ವಕೀಲರು ಗಹಗಹಿಸಿದರು. ಮೇಷ್ಟರು ನಗಲಿಲ್ಲ. ಪೆನ್ಸಿಲು ಇಪ್ಪತ್ಮೂರನೆಯ ಹೆಸರಿನ ಮೇಲೆ ನಿಂತಿತ್ತು. “ಇವನು ನನ್ನ ಶಿಷ್ಯ. ಹಾಜರಿ ಕರೆದಾಗಲೂ ಕೈ ಎತ್ತುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ನಾಮಪತ್ರ ಹೇಗೆ ಸಲ್ಲಿಸಿದನೋ!”

ಅಷ್ಟರಲ್ಲಿ ಶೀನಣ್ಣನ ಮೊಬೈಲು ಗುಂಯ್‌ಗುಟ್ಟಿತು. ಚಿಲ್ಲರೆ ಹುರಿಯಾಳುಗಳ ಜೊತೆ ತಮ್ಮ ನಾಯಕರು ಕೂರುವುದಿಲ್ಲವೆಂದು ದೊಡ್ಡ ಪಕ್ಷದವರು ತಿಳಿಸಿದ್ದರು.

“1980ರಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಹೀಗೆಯೇ ಮಾಡಿದ್ದರು,” ಎಂದು ವಕೀಲರು ಕಳವಳಗೊಂಡರು. “ಮೂರನೆಯವರಾಗಿ ಪಕ್ಷೇತರ ಹುರಿಯಾಳು ಆಂಡರ್ಸನ್ ಇದ್ದಾರೆಂದು ಮೊದಲ ಚರ್ಚೆಗೇ ಬರಲಿಲ್ಲ. ಈಗೇನು ಮಾಡುವುದು?”

“ಮಾಡುವುದೇನು, ಒಂದು ಕುರ್ಚಿ ಖಾಲಿಯಾಯಿತಲ್ಲ,” ಎಂದರು ಪದ್ಮಕ್ಕ.

ಮೇಷ್ಟರು ಆಗಲೇ ಪೆನ್ಸಿಲು ಕೆಳಗಿಟ್ಟು ಪೆನ್ನು ಹುಡುಕುತ್ತಿದ್ದರು.